ಬಿಳಿ ಬಿಟ್ಟ ಮೂಲೆ

ಶಿಯೊಮಿ, ತೊಸಾ ತೀರ
8 ಏಪ್ರಿಲ್ 1979

ಹರು,

ಚೆನ್ನಾಗಿದ್ದೀಯಾ? ನಗೋಯಾದಲ್ಲಿ ಚೆರ್ರಿ ಹೂವು ಇನ್ನೂ ಇರಬೇಕು. ಇಲ್ಲಿ ಎಲ್ಲ ಉದುರಿತು, ವರ್ಷದ ಮೊದಲ ಕತ್ಸುವೊ ಮೀನೂ ಬಂತು. ನಮ್ಮ ಹೊಗೆಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀನು ಬೇಯಿಸಿ ಹೊಗೆಗೆ ಇಡುವುದೇ ಕೆಲಸ. ಈ ಕಾಗದಕ್ಕೂ ಹೊಗೆ ವಾಸನೆ ಹತ್ತಿದ್ದರೆ ಸಹಿಸಿಕೋ.

ನಿನ್ನೆ ನಿಮ್ಮೆಲ್ಲರ ಗುರು ಯಾಸುವೊಕಾ ಸೆನ್ಸೇ ಬಂದಿದ್ದರು. ಮೊಣಕಾಲು ನೋವು, ಆದರೂ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ತೀರಿಹೋದ ಇವರ ಫೋಟೊದ ಮುಂದೆ ಕೂತು ಊದುಬತ್ತಿ ಹಚ್ಚಿ, ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಹೇಳಿದರು: "ಫುಸಾಯೆ-ಸಾನ್, ನಮ್ಮ ಭೂವಿಜ್ಞಾನದ ಬಳಗದಲ್ಲಿ ಒಬ್ಬನ ಹೆಸರು ಹಾಕೋ ಪದ್ಧತಿ ಇಲ್ಲ, ನಿಮಗೂ ಗೊತ್ತು. ಎಲ್ಲರೂ ನಡೀತೀವಿ, ಎಲ್ಲರೂ ಕಲ್ಲು ಒಡೀತೀವಿ, ಬಳಗದ ಹೆಸರಲ್ಲಿ ಅಚ್ಚು ಹಾಕ್ತೀವಿ. ಆದ್ರೆ ಈ ತೀರದ ಕಲ್ಲಿನ ನಕ್ಷೆ ಮೇಲೆ ನಿಶಿಮೊರಿ ಶೋಜೊ ಅಂತ ಒಂದೇ ಹೆಸರು ಇರುತ್ತೆ. ಯಾರೂ ಬೇಡ ಅನ್ನಲಿಲ್ಲ."

ನಾನು ಅಳುವ ಜಾತಿಯವಳಲ್ಲ. ಆದರೆ ಸೆನ್ಸೇ ಎದುರಿಗೇ ಅತ್ತುಬಿಟ್ಟೆ. ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು, ಭಾನುವಾರ ರಜ ಅಂತಿಲ್ಲ, ಹಬ್ಬ ಅಂತಿಲ್ಲ, ಹದಿನೆಂಟು ವರ್ಷ ಈ ತೀರದ ಬಂಡೆಗಳನ್ನು ತಡವಿಕೊಂಡು ಓಡಾಡಿದರು. ಊರವರು ಹುಚ್ಚ ಅಂದರು. ಈಗ ಆ ಹುಚ್ಚಿಗೆ ಅಚ್ಚಿನ ಮರ್ಯಾದೆ.

ಒಂದು ತೊಡಕಿದೆ. ನಕ್ಷೆಯ ತುಂಬ ಕಲ್ಲಿನ ಪದರಕ್ಕೊಂದರಂತೆ ಹಸಿರು, ಹಳದಿ, ನೇರಳೆ ಪಟ್ಟೆಗಳಿದ್ದರೂ ದೀಪಸ್ತಂಭದ ಕೆಳಗಿನ ಭೂಶಿರದ ಜಾಗ ಮಾತ್ರ ಬಿಳಿ. ಅಲ್ಲಿ ಇವರು ಬಣ್ಣವೇ ಹಾಕಿಲ್ಲ. ಸೆನ್ಸೇ ಅಂದರು, "ಪಾಪ, ಮುಗಿಸೋಕೆ ಆಯಸ್ಸು ಸಾಲಲಿಲ್ಲ. ಪಕ್ಕದ ಪಟ್ಟೆಗಳನ್ನೇ ಮುಂದಕ್ಕೆ ಎಳೆದ್ರೆ ಆಯ್ತು." ಇರಬಹುದು. ಆದರೆ ನಾನು, ಹರುವನ್ನು ಒಂದು ಮಾತು ಕೇಳಿ ಹೇಳ್ತೀನಿ ಅಂದೆ. ಬಳಗದವರಲ್ಲಿ ಕಡೆಯ ಎರಡು ಬೇಸಿಗೆ ಆ ಭೂಶಿರದಲ್ಲಿ ಅವರ ಜೊತೆ ನಡೆದವನು ನೀನೊಬ್ಬನೇ. ಬಂದು ನೋಡಿ ಹೋಗುತ್ತೀಯಾ?

ಇನ್ನೊಂದು ಕೇಳುವುದಿದೆ. ಅವತ್ತು ಆಸ್ಪತ್ರೆಯಲ್ಲಿ ನಿನ್ನನ್ನು ಅವರ ಹತ್ತಿರ ಕೂರಿಸಿ ನಾನು ಬಟ್ಟೆ ತರಲು ಮನೆಗೆ ಬಂದೆನಲ್ಲ, ಬಸ್ಸು ತಡವಾಗಿ ನಾನು ಮರಳುವಷ್ಟರಲ್ಲಿ ಅವರ ಬಾಯಿ ನಿಂತುಹೋಗಿತ್ತು. ಆಮೇಲೆ ಎರಡು ದಿನ ಬರೀ ಉಸಿರು. ನನಗೆ ಅಂತ ಏನಾದರೂ ಹೇಳಿದರಾ? ಸಾವಿನ ಗಡಿಬಿಡಿಯಲ್ಲಿ ನಿನ್ನನ್ನು ಕೇಳಲಾಗಲಿಲ್ಲ. ಆಮೇಲೆ ಕೇಳಲು ನಾಚಿಕೆಯಾಯಿತು. ಸಣ್ಣದಾದರೂ ಪರವಾಗಿಲ್ಲ, ಒಲೆ ಆರಿಸು ಅಂದಿದ್ದರೂ ಸಾಕು.

ಫುಸಾಯೆ


ನಗೋಯಾ
2 ಮೇ 1979

ಪ್ರೀತಿಯ ಫುಸಾಯೆ ಅಕ್ಕನಿಗೆ,

ನಿಮ್ಮ ಕಾಗದ ತಲುಪಿತು. ನಕ್ಷೆಯ ಸುದ್ದಿ ತಿಳಿದು ಸಂತೋಷವಾಯಿತು. ಅಣ್ಣನಿಗೆ ಇದು ಸಲ್ಲಬೇಕಾದದ್ದೇ.

ತಕ್ಷಣ ಬರಲು ಆಗುವುದಿಲ್ಲ, ಕ್ಷಮಿಸಿ. ಇಲ್ಲಿ ವಿಶ್ವವಿದ್ಯಾಲಯದಲ್ಲಿ ಸಹಾಯಕನ ಕೆಲಸವೆಂದರೆ ಎಲ್ಲರ ಕೆಲಸವೂ ನನ್ನದೇ. ಆದರೆ ಬೇರೊಂದು ದಾರಿಯಿದೆ. ಇತ್ತೀಚೆಗೆ ಹೊಸ ವಿಧಾನವೊಂದು ಬಂದಿದೆ. ಕಲ್ಲಿನ ಚೂರನ್ನು ಆಮ್ಲದಲ್ಲಿ ನೆನೆಸಿಟ್ಟರೆ ಕಲ್ಲು ಕರಗಿ, ಒಳಗೆ ಅಡಗಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಗಾಜಿನಂಥ ಚಿಪ್ಪುಗಳು ಉಳಿಯುತ್ತವೆ. ಅವುಗಳ ಆಕಾರ ನೋಡಿ ಕಲ್ಲು ಯಾವ ಕಾಲದ್ದು ಎಂದು ಹೇಳಬಹುದು. ಅಣ್ಣನ ಕಾಲದಲ್ಲಿ ಇದು ಇರಲಿಲ್ಲ. ಶೆಡ್ಡಿನಲ್ಲಿರುವ ಭೂಶಿರದ ಪೆಟ್ಟಿಗೆಗಳನ್ನು, ಮುಖ್ಯವಾಗಿ ಕೆಂಪು ಕಲ್ಲುಗಳನ್ನು ಕಳಿಸಿಕೊಡುತ್ತೀರಾ? ಬಳಗದ ಹಂಚಿಕೆಯಲ್ಲಿ ಆ ಭೂಶಿರ ಅಣ್ಣನ ಪಾಲಿನದು. ನಿಮ್ಮ ಒಪ್ಪಿಗೆಯಿಲ್ಲದೆ ನಾನು ಅಲ್ಲಿನ ಕಲ್ಲು ಮುಟ್ಟುವುದು ತರವಲ್ಲ. ಪ್ರತಿ ಕಲ್ಲಿನಲ್ಲೂ ಅರ್ಧವನ್ನು ಹಾಗೇ ಇಟ್ಟಿರುತ್ತೇನೆ.

ಅಣ್ಣನ ಕೆಲಸಕ್ಕೆ ನ್ಯಾಯ ಸಿಗುವಂತೆ ನೋಡಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಅಣ್ಣ ಏನೂ ಹೇಳಲಿಲ್ಲ. ಹೆಚ್ಚಿನ ಹೊತ್ತು ನಿದ್ದೆಯಲ್ಲಿದ್ದರು.

ಆರೋಗ್ಯ ನೋಡಿಕೊಳ್ಳಿ.

ಕುಜೆ ಹರುಹಿಕೊ


ಶಿಯೊಮಿ
27 ಮೇ 1979

ಹರು,

ಪೆಟ್ಟಿಗೆಗಳು ನಿನ್ನೆ ರೈಲು ಹತ್ತಿದವು. ಹೊಗೆಮನೆಯ ಕೈಗಾಡಿಯಲ್ಲಿ ಹೇರಿಕೊಂಡು ನಾನೂ ಜೊತೆಗೆ ಕೆಲಸ ಮಾಡುವ ತೊಮಿ ಅಜ್ಜಿಯೂ ತಳ್ಳಿಕೊಂಡು ಹೋದೆವು. ನಿಲ್ದಾಣದವನು ಒಂದು ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. "ಏನಮ್ಮಾ ಇದ್ರಲ್ಲಿ?" ಅಂದ. ತೊಮಿ ಅಜ್ಜಿ, "ಇವಳ ಗಂಡ" ಅಂದುಬಿಟ್ಟಳು. ಅವನ ಮುಖ ನೋಡಬೇಕಿತ್ತು!

ಪೆಟ್ಟಿಗೆ ತೆರೆದಾಗ ನಿನಗೆ ನನ್ನ ಅಕ್ಷರ ಸಿಗುತ್ತದೆ. ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದ ಬೊಟ್ಟಿಟ್ಟು ಅಂಕಿ ಬರೆದವಳು ನಾನೇ. ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ರಾತ್ರಿಯ ಊಟವಾದ ಮೇಲೆ ಅವರು ಹೇಳುವುದು, ನಾನು ಬರೆಯುವುದು. "ಇದು ಎಲ್ಲಿಂದ ಬಂತು?" ಅಂತ ಕೇಳಿದರೆ "ದೀಪಸ್ತಂಭದ ಕೆಳಗಿಂದ" ಅನ್ನುತ್ತಿದ್ದರು. "ಅಲ್ಲಿಗೆ ಎಲ್ಲಿಂದ ಬಂತು?" ಅಂದರೆ ಸುಮ್ಮನಾಗುತ್ತಿದ್ದರು. ಮಾತು ಕಡಿಮೆ ಅವರದು, ನಿನಗೆ ಗೊತ್ತಲ್ಲ. ಮದುವೆಯಾದ ಹೊಸತರಲ್ಲಿ ನಾನೇ ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡಿದ್ದೆ.

ಬಿಳಿ ಮೂಲೆಯ ಬಗ್ಗೆ ನೀನು ಏನೂ ಬರೆದಿಲ್ಲ. ಕಲ್ಲು ನೋಡಿದ ಮೇಲೆ ಹೇಳೋಣ ಅಂತ ಇರಬೇಕು. ಸೆನ್ಸೇಗೆ, ಸ್ವಲ್ಪ ಕಾಯಿರಿ ಅಂತಷ್ಟೇ ಹೇಳಿದ್ದೇನೆ.

ನಿದ್ದೆಯಲ್ಲಿದ್ದರು ಅಂದೆ. ನಿದ್ದೆಯಲ್ಲಿ ಏನಾದರೂ ಗೊಣಗಿದರಾ? ಅವರಿಗೆ ಆ ಅಭ್ಯಾಸವಿತ್ತು. ಪದೇ ಪದೇ ಕೇಳುತ್ತೇನೆ ಅಂತ ಬೇಸರ ಮಾಡಬೇಡ. ನಮಗೆ ಮಕ್ಕಳಿಲ್ಲ, ಅವರು ಬಿಟ್ಟುಹೋದದ್ದು ಅಂದರೆ ಕಲ್ಲು ಮತ್ತು ಆ ನಕ್ಷೆ. ಒಂದು ಮಾತೂ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆಸೆ.

ಪೆಟ್ಟಿಗೆಯ ಮೇಲ್ಗಡೆ ನಮ್ಮ ಹೊಗೆಮನೆಯ ಕತ್ಸುವೊ ತುಂಡುಗಳನ್ನು ಇಟ್ಟಿದ್ದೇನೆ. ಅದೂ ಕಲ್ಲಿನಷ್ಟೇ ಗಟ್ಟಿ. ತಪ್ಪಿ ಆಮ್ಲಕ್ಕೆ ಹಾಕಬೇಡ, ತುರಿದು ಸಾರಿಗೆ ಹಾಕಿಕೋ.

ಫುಸಾಯೆ


ನಗೋಯಾ
19 ಸೆಪ್ಟೆಂಬರ್ 1979

ಫುಸಾಯೆ ಅಕ್ಕ,

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕತ್ಸುವೊ ಎಂದೋ ಮುಗಿಯಿತು, ತುಂಬ ಚೆನ್ನಾಗಿತ್ತು.

ಕೆಂಪು ಕಲ್ಲುಗಳಿಂದ ಜೀವಿಗಳು ಸಿಕ್ಕಿವೆ! ಸೂಕ್ಷ್ಮದರ್ಶಕದ ಕೆಳಗೆ ಅವನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಗಂಟೆಯ ಹಾಗಿರುವವು, ಮುಳ್ಳಿನ ಚೆಂಡಿನ ಹಾಗಿರುವವು, ಬುಟ್ಟಿ ಹೆಣೆದಂತೆ ಮೈತುಂಬ ತೂತುಗಳಿರುವವು. ಡೈನೋಸಾರ್‌ಗಳು ಓಡಾಡುತ್ತಿದ್ದಾಗ ಅವು ನೆಲದ ಸುಳಿವೇ ಇಲ್ಲದ ನಡುಗಡಲಿನಲ್ಲಿ ತೇಲುತ್ತಿದ್ದವು. ಸತ್ತು, ಆಳಕ್ಕಿಳಿದು, ಒಂದರ ಮೇಲೊಂದು ಬಿದ್ದು ಆ ಕೆಂಪು ಕಲ್ಲಾಗಿವೆ. ಅಣ್ಣ ಇರಬೇಕಿತ್ತು ಅನ್ನಿಸಿತು. ಇದನ್ನು ಮಾತಿಗೆಂದು ಬರೆಯುತ್ತಿಲ್ಲ.

ಏನನ್ನಾದರೂ ಖಚಿತವಾಗಿ ಹೇಳಲು ಇನ್ನೂ ಬೇಗ. ಒಂದು ಸಹಾಯ ಬೇಕು. ಕೆಂಪು ಕಲ್ಲುಗಳ ಸುತ್ತ ಕಪ್ಪಗೆ ಪುಡಿಪುಡಿಯಾಗುವ ಕೆಸರುಗಲ್ಲು ಇದೆಯಲ್ಲ, ಅಣ್ಣನ ಪೆಟ್ಟಿಗೆಗಳಲ್ಲಿ ಅದು ಹೆಚ್ಚಿಲ್ಲ. ಕೆಂಪು ಬಂಡೆಗೆ ತಾಗಿಕೊಂಡಂತೆ ಇರುವ ಕಡೆಯಿಂದ ಒಂದಿಷ್ಟು ತೆಗೆದು ಕಳಿಸಬಹುದೇ? ಇಳಿತದ ಸಮಯ ನೋಡಿಕೊಂಡು ಹೋಗಿ, ಅಲೆಗಳ ಮೇಲೆ ಗಮನವಿರಲಿ.

ಕಲ್ಲುಗಳು ನನ್ನ ಬಳಿ ಇರುವ ವಿಷಯ ಸದ್ಯಕ್ಕೆ ಸೆನ್ಸೇಗೆ ತಿಳಿಯುವುದು ಬೇಡ. ಎಲ್ಲ ಸ್ಪಷ್ಟವಾದ ಮೇಲೆ ನಾನೇ ಹೇಳುತ್ತೇನೆ.

ಹರುಹಿಕೊ


ಶಿಯೊಮಿ
21 ಅಕ್ಟೋಬರ್ 1979

ಹರು,

ವರ್ಷದ ತಿಥಿ ಮುಗಿಯಿತು. ನೀನು ಬರುತ್ತೀಯ ಅಂತ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದೆ. ಬಳಗದ ಹಿರೋಸೆ ಮೇಷ್ಟ್ರು ತಿಂದರು, ಅವರಿಗೆ ಎಷ್ಟು ತಟ್ಟೆಯಾದರೂ ಆಗುತ್ತದೆ.

ಕಪ್ಪು ಕಲ್ಲು ಕಳಿಸಿದ್ದೇನೆ. ಇವರ ಸುತ್ತಿಗೆ ಹಿಡಿದು ನಾನೇ ಹೋಗಿದ್ದೆ. ಕಡಲಪಾಚಿ ಕೀಳಲು ಬಂದಿದ್ದ ಹೆಂಗಸರು ನನ್ನನ್ನು ಬಿಟ್ಟಾರೆಯೇ?

"ಏನೇ ಫುಸಾಯೆ, ಗಂಡನ ಹುಚ್ಚು ನಿನಗೂ ಹತ್ತಿತಾ?"

"ಮೀನು ಬಿಟ್ಟು ಕಲ್ಲಿಗೆ ಹೊಗೆ ಹಾಕ್ತಾಳಂತೆ ಕಣ್ರೇ."

"ಹಾಕ್ತೀನಿ, ನಿಮ್ಮನೇಗೂ ಒಂದು ತುಂಡು ಕಳಿಸ್ತೀನಿ, ಹಲ್ಲಿದ್ರೆ ತಿನ್ನಿ" ಅಂದೆ.

ಆ ಕಪ್ಪು ಕಲ್ಲು ಸುತ್ತಿಗೆ ತಾಗಿದರೆ ಸಾಕು, ಮೀನಿನ ಹುರುಪೆಯಂತೆ ಹಾಳೆಹಾಳೆಯಾಗಿ ಏಳುತ್ತದೆ. ಕೆಂಪು ಬಂಡೆಗಳು ಒಂದೊಂದು ಒಂದೊಂದು ಕಡೆಗೆ ವಾಲಿ ಅದರೊಳಗೆ ಹೂತುಕೊಂಡಿವೆ. ನನಗೆ ಶಾಸ್ತ್ರ ಗೊತ್ತಿಲ್ಲ. ಆದರೆ ನೋಡುತ್ತ ನಿಂತಾಗ, ಸೆನ್ಸೇ ಹೇಳುವ ಹಾಗೆ ಒಂದರ ಮೇಲೊಂದು ಹಾಸಿದ ಪದರ ಇಲ್ಲಿ ಎಲ್ಲಿದೆ ಅನ್ನಿಸಿತು. ಓಡೆನ್ ಪಾತ್ರೆಯಲ್ಲಿ ಮೂಲಂಗಿ, ಮೊಟ್ಟೆ, ಮೀನಿನುಂಡೆ ಎಲ್ಲ ಸಿಕ್ಕಸಿಕ್ಕಲ್ಲಿ ಬಿದ್ದಿರುತ್ತವಲ್ಲ, ಹಾಗೆ ಕಂಡಿತು. ನಗಬೇಡ. ಅಡುಗೆಯವಳ ಕಣ್ಣು.

ಸೆನ್ಸೇಗೆ ಹೇಳಬೇಡ ಅಂದೆ. ಹೇಳಿಲ್ಲ. ನಕ್ಷೆಯ ಬಿಡುಗಡೆಯ ದಿನ ಏನೋ ಆಶ್ಚರ್ಯ ಕೊಡಬೇಕೆಂದಿದ್ದೀಯ ಅಂತ ನನ್ನ ಊಹೆ. ಅವರಿಗೂ ಎಪ್ಪತ್ತಾಯಿತು, ಸಂತೋಷಪಡಲಿ.

ಆದರೆ ಈಗ ಉತ್ತರ ಬೇಕೇ ಬೇಕು. ತಿಥಿಯ ದಿನ ಸೆನ್ಸೇ ಕರಡು ತಂದಿದ್ದರು. ಬಿಳಿ ಮೂಲೆಗೆ ಪಕ್ಕದ ಹಸಿರು, ನೇರಳೆ ಪಟ್ಟೆಗಳನ್ನು ಪೆನ್ಸಿಲಿನಲ್ಲಿ ಎಳೆದಿದ್ದರು. "ನೀವು ಹೂಂ ಅಂದ್ರೆ ಮಾತ್ರ. ನಕ್ಷೆ ನಿಮ್ಮ ಮನೇದು" ಅಂದರು. ಹೊಸ ವರ್ಷದ ಒಳಗೆ ಹೇಳುತ್ತೇನೆ ಅಂದಿದ್ದೇನೆ. ಅಲ್ಲಿಯವರೆಗೆ ನೀನು ಬೇಡ ಅನ್ನದಿದ್ದರೆ ಹೂಂ ಅನ್ನುತ್ತೇನೆ. ಏನಾದರೂ ತಪ್ಪಿದ್ದರೆ ಒಂದು ಸಾಲು ಬರೆ. ಕಾರಣ ಹೇಳದಿದ್ದರೂ ಸರಿ, ಬೇಡ ಅಂತ ಬರೆದರೆ ಸಾಕು, ಬಿಳಿಯಾಗೇ ಬಿಡಿಸುತ್ತೇನೆ. ಇವರ ಹೆಸರು ಒಂಟಿಯಾಗಿ ನಿಲ್ಲುತ್ತಿದೆ. ಆಚೆಈಚೆ ಆತುಕೊಳ್ಳಲು ಬಳಗದ ಹೆಸರಿಲ್ಲ. ತಪ್ಪಾದರೆ ಪೂರಾ ಅವರ ತಲೆಗೇ ಬರುತ್ತದೆ.

ಫುಸಾಯೆ


(ಅಂಚೆ ಕಾರ್ಡು)
ನಗೋಯಾ
1 ಜನವರಿ 1980

ಹೊಸ ವರ್ಷದ ಶುಭಾಶಯಗಳು. ಕಳೆದ ವರ್ಷ ನೀವು ತೋರಿದ ಪ್ರೀತಿಗೆ ಋಣಿ. ಈ ವರ್ಷವೂ ಅದು ಹೀಗೇ ಇರಲಿ.

ಕುಜೆ ಹರುಹಿಕೊ


ಶಿಯೊಮಿ
16 ಮಾರ್ಚ್ 1980

ಹರು,

ನಕ್ಷೆ ಬಂತು!

ಹಿರೋಸೆ ಮೇಷ್ಟ್ರು ಸುರುಳಿ ಹೊತ್ತು ತಂದರು. ಚಾಪೆಯ ಮೇಲೆ ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಚಹಾ ಬಟ್ಟಲು ಇಟ್ಟೆವು. ಎಷ್ಟು ಚೆನ್ನಾಗಿದೆ ಅಂದರೆ, ಇದು ನಾವು ದಿನಾ ತುಳಿಯುವ ನೆಲ ಅಂತ ನಂಬಿಕೆಯೇ ಬರುವುದಿಲ್ಲ. ಕೆಳಗೆ ಬಲಗಡೆ ನಿಶಿಮೊರಿ ಶೋಜೊ. ತೊಮಿ ಅಜ್ಜಿಗೆ ಓದು ಬಾರದು, ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಇಲ್ಲಿ ಮಲಗಿದಾನಾ ನಿನ್ನ ಗಂಡ?" ಅಂದಳು.

ನಿನ್ನ ಹೊಸ ವರ್ಷದ ಕಾರ್ಡಿನಲ್ಲಿ ಬೇಡ ಅಂತ ಇರಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡು ಸೆನ್ಸೇಗೆ ಹೂಂ ಅಂದೆ. ಭೂಶಿರಕ್ಕೂ ಬಣ್ಣ ಬಿದ್ದಿದೆ. ನೋಡಿದಾಗ, ಅವರು ಬಿಟ್ಟಿದ್ದನ್ನು ನಾನು ತುಂಬಿದೆನಲ್ಲ ಅನ್ನಿಸಿತು. ಆಮೇಲೆ, ಹೆಂಡತಿಯಾದವಳು ಇಷ್ಟಾದರೂ ಮಾಡಬೇಡವೇ ಅಂತ ಸಮಾಧಾನ ಮಾಡಿಕೊಂಡೆ.

ಮೇ ಹದಿನೆಂಟಕ್ಕೆ ದೇವಸ್ಥಾನದ ಹಜಾರದಲ್ಲಿ ಸಮಾರಂಭ. ನೀನು ಬರಲೇಬೇಕು, ನೆಪ ಬೇಡ. ನಿನ್ನ ಗಾಜಿನ ಹುಳಗಳ ಕಥೆಯನ್ನೂ ಅವತ್ತೇ ಎಲ್ಲರಿಗೂ ಹೇಳು.

ಫುಸಾಯೆ


ಶಿಯೊಮಿ
25 ಮೇ 1980

ಕುಜೆ-ಸಾನ್,

ಸಮಾರಂಭ ಆಯಿತು. ನೀವು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

ನಾನು ಹೊಸ ಕಿಮೊನೊ ಉಟ್ಟುಕೊಂಡು ಬಾಗಿಲಲ್ಲಿ ನಿಂತು ಎಲ್ಲರಿಗೂ ಬಾಗುತ್ತಿದ್ದೆ. ಬಂದವರು ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದರು. ಸೆನ್ಸೇ ಎರಡು ಮಾತಾಡಿ ಕೂತುಬಿಟ್ಟರು. ಸಾಕೆ ಮದ್ಯ ಹಂಚುವಾಗ ಹಿರೋಸೆ ಮೇಷ್ಟ್ರ ಕೈ ಹಿಡಿದು ಬಚ್ಚಲ ಕಡೆ ಎಳೆದುಕೊಂಡು ಹೋಗಿ ಕೇಳಿದೆ.

"ಏನಾಗಿದೆ ಹೇಳ್ರಿ. ಸಾವಿನ ಮನೇಲಿ ಕೂತ ಥರ ಇದೀರಲ್ಲ ಎಲ್ಲಾರೂ."

"ನಿಮಗೆ ಹರು ಬರೆದಿಲ್ವಾ?"

"ಏನು ಬರೀಬೇಕಿತ್ತು?"

ಅವರು ತಲೆ ಕೆರೆದುಕೊಂಡರು. "ಏಪ್ರಿಲಲ್ಲಿ ದೊಡ್ಡ ಸಭೆ ಇತ್ತಲ್ಲ, ಅಲ್ಲಿ ಮಾತಾಡಿದ. ಈ ತೀರದಲ್ಲಿ ಪದರಾನೇ ಇಲ್ಲ, ಎಲ್ಲ ಬೆರಕೆ ಅಂದ. ದೂರದ ಕಡಲತಳ ಜಾರಿಕೊಂಡು ಬಂದು ನಮ್ಮ ನೆಲದ ಅಡಿಗೆ ನುಗ್ಗುತ್ತಂತೆ, ಅದರ ಮೇಲಿದ್ದ ಕಲ್ಲೆಲ್ಲ ಕಿತ್ತು ಕೆಸರಿಗೆ ಕಲಸಿಹೋಗುತ್ತಂತೆ. ಅದಾದ್ರೂ ಇರಲಿ ಅನ್ನಿ. ಶೋಜೊ ನಕ್ಷೆ ಪರದೆ ಮೇಲೆ ಹಾಕ್ದ. ಭೂಶಿರದ ಜಾಗ ಕಡ್ಡೀಲಿ ತೋರಿಸಿ, ಕಣ್ಣಾರೆ ನೋಡದೆ ನಂಬಿಕೆ ಮೇಲೆ ಬಣ್ಣ ಬಳಿದ್ರೆ ಹೀಗಾಗುತ್ತೆ ಅಂದ. ನಕ್ಕರು ಎಲ್ಲ."

"ಯಾರು ನಕ್ಕರು?"

"ಎಲ್ಲಾರೂ ಅಮ್ಮ. ಐನೂರು ಜನ ಇದ್ರೋ ಏನೋ."

ಕಣ್ಣಾರೆ ನೋಡದೆ! ಆ ಭೂಶಿರದಲ್ಲಿ ಅವರು ಕಾಲಿಡದ ಬಂಡೆಯಿಲ್ಲ. ನೋಡಿದ್ದಕ್ಕೇ ಬಿಳಿ ಬಿಟ್ಟಿದ್ದರು. ಬಣ್ಣ ಹಾಕಿಸಿದವಳು ನಾನು. ಹಾಕಿಸಲಾ ಅಂತ ಕೇಳಿದ್ದು ನಿಮ್ಮನ್ನು. ಒಂದು ಸಾಲು, ಬೇಡ ಅಂತ. ಅದನ್ನು ಬರೆಯಲು ನಿಮಗೆ ಕೈಬರಲಿಲ್ಲ, ಶುಭಾಶಯ ಬರೆಯಲು ಬಂತು.

ನಾನು ಕಪ್ಪು ಕಲ್ಲು ಒಡೆದು ಕಳಿಸಿದಾಗಲೇ ನಿಮಗೆ ಗೊತ್ತಾಗಿತ್ತು, ಅಲ್ಲವೇ? ಅವರ ಪೆಟ್ಟಿಗೆ, ಅವರ ಸುತ್ತಿಗೆ, ನನ್ನ ಕೈ. ಎಲ್ಲ ನಮ್ಮದನ್ನೇ ತೆಗೆದುಕೊಂಡು ನಮಗೇ ಹೊಡೆದಿರಿ. ಕಲ್ಲು ತಪ್ಪು ಹೇಳುತ್ತದೆ ಅಂತ ನಾನು ವಾದ ಮಾಡುವುದಿಲ್ಲ. ಓಡೆನ್ ಪಾತ್ರೆ ನನಗೂ ಕಂಡಿತ್ತು. ನೀವು ಹಾಗಂತ ಒಂದು ಕಾಗದ ಬರೆದಿದ್ದರೆ ಇಲ್ಲಿ ಕೂತು ನಿಮ್ಮ ಪರವಾಗಿ ಸೆನ್ಸೇ ಜೊತೆ ಜಗಳವಾಡುತ್ತಿದ್ದೆ.

ಉಳಿದ ಅರ್ಧ ಕಲ್ಲುಗಳನ್ನು ವಾಪಸು ಕಳಿಸಿ.

ನಿಶಿಮೊರಿ ಫುಸಾಯೆ


ನಗೋಯಾ
20 ಜೂನ್ 1980

ಫುಸಾಯೆ ಅಕ್ಕ,

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಡೆದದ್ದನ್ನು ನನ್ನ ಕಡೆಯಿಂದಲೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕೆಂಪು ಕಲ್ಲಿನ ಜೀವಿಗಳು ಹದಿಮೂರು ಕೋಟಿ ವರ್ಷ ಹಳೆಯವು. ನೀವು ಕಳಿಸಿದ ಕಪ್ಪು ಕೆಸರಿನವು ಏಳು ಕೋಟಿ ವರ್ಷದವು. ಅಂದರೆ ಹಳೆಯ ಕಲ್ಲು ಎಲ್ಲೋ ಹುಟ್ಟಿ, ಆರು ಕೋಟಿ ವರ್ಷ ಪ್ರಯಾಣ ಮಾಡಿ, ಇಲ್ಲಿನ ಎಳೆಯ ಕೆಸರಿನಲ್ಲಿ ಬಂದು ಸಿಕ್ಕಿಕೊಂಡಿದೆ. ಸೆನ್ಸೇ ನಲವತ್ತು ವರ್ಷ ಕಲಿಸಿದ್ದು ಇದರಿಂದ ಬಿದ್ದುಹೋಗುತ್ತದೆ. ಕಲ್ಲು ನನ್ನ ಬಳಿ ಇದೆಯೆಂದು ಅವರಿಗೆ ತಿಳಿದಿದ್ದರೆ ಬಳಗದ ಒಪ್ಪಿಗೆಯಿಲ್ಲದೆ ಬಾಯಿ ಬಿಡುವಂತಿಲ್ಲ ಎನ್ನುತ್ತಿದ್ದರು. ಬಳಗದ ಒಪ್ಪಿಗೆ ಎಂದರೆ ಸೆನ್ಸೇಯ ಒಪ್ಪಿಗೆ. ಬೇರೆ ಕಡೆ ಇಬ್ಬರು ಇದೇ ಕೆಲಸ ಮಾಡುತ್ತಿದ್ದರು, ನಾನು ಕಾಯುವಂತಿರಲಿಲ್ಲ. ನಿಮಗೆ ಹೇಳಿದ್ದರೆ ನೀವು ಸುಮ್ಮನಿರುತ್ತಿರಲಿಲ್ಲ. ಅದು ನಿಮ್ಮ ಸ್ವಭಾವ, ತಪ್ಪೆನ್ನುವುದಿಲ್ಲ.

ಬಿಳಿ ಮೂಲೆಯಿದ್ದ ನಕ್ಷೆಯನ್ನು ಯಾರೂ ಚರ್ಚಿಸುತ್ತಿರಲಿಲ್ಲ. ಎರಡು ವಿಚಾರಗಳ ವ್ಯತ್ಯಾಸ ಜನರಿಗೆ ಕಾಣಬೇಕಾದರೆ ಎರಡೂ ಕಣ್ಣೆದುರಿಗೆ ಇರಬೇಕು. ಸಭೆಯಲ್ಲಿ ನಾನು ಆಡಿದ ಮಾತು ಒರಟಾಯಿತು, ಒಪ್ಪುತ್ತೇನೆ. ಆದರೆ ನನ್ನ ವಿರೋಧ ಅಣ್ಣನ ಮೇಲಲ್ಲ. ಅಣ್ಣ ಒಳಗೊಳಗೇ ನನ್ನ ಪಕ್ಷವೇ ಆಗಿದ್ದರು. ಕಡೆಯ ಬೇಸಿಗೆಯಲ್ಲೇ ಅವರಿಗೆ ಅನುಮಾನ ಬಂದಿತ್ತು. ಸೆನ್ಸೇ ಬದುಕಿರುವಾಗ ಅದನ್ನು ಬಾಯಿಬಿಟ್ಟು ಹೇಳಲಾರೆ ಎಂದಿದ್ದರು. ಆಸ್ಪತ್ರೆಯಲ್ಲೂ ಅವರಿಗೆ ಅದೇ ಧ್ಯಾನ. "ಬಿಳಿ ಬಿಟ್ಟಿದ್ದು ಬೇಕಂತಲೇ. ಫುಸಾಯೆಗೆ ಹೇಳು, ಅಲ್ಲಿ ಯಾರೂ ಬಣ್ಣ ಹಾಕಬಾರದು, ಅವಳು ನೋಡ್ಕೋತಾಳೆ" ಎಂದು ನನ್ನ ತೋಳು ಹಿಡಿದು ಹೇಳಿದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಅಣ್ಣ ಇದ್ದಿದ್ದರೆ ನನ್ನ ಮಾತಿಗೆ ತಲೆಯಾಡಿಸುತ್ತಿದ್ದರು ಎಂದು ನನಗೆ ಪೂರ್ತಿ ನಂಬಿಕೆಯಿದೆ.

ಅರ್ಧ ಕಲ್ಲುಗಳ ವಿಷಯದಲ್ಲಿ ಕ್ಷಮೆ ಕೇಳಬೇಕು. ಮೊದಮೊದಲು ಜೀವಿಗಳು ಸಿಗದೆ ಮತ್ತೆ ಮತ್ತೆ ಕರಗಿಸಬೇಕಾಯಿತು. ಹೆಚ್ಚೇನೂ ಉಳಿದಿಲ್ಲ.

ಕೆಂಪು ಕಲ್ಲಿನಲ್ಲಿ ಸಿಕ್ಕ ಒಂದು ಜೀವಿ ಈವರೆಗೆ ಯಾರೂ ಕಾಣದ್ದು. ಅದಕ್ಕೆ ಅಣ್ಣನ ಹೆಸರಿಡಬೇಕೆಂದಿದ್ದೇನೆ. ಒಮ್ಮೆ ಇಟ್ಟ ಹೆಸರನ್ನು ಜಗತ್ತಿನಲ್ಲಿ ಯಾರೂ ಬದಲಾಯಿಸುವಂತಿಲ್ಲ. ನಕ್ಷೆಗಳು ಬದಲಾಗುತ್ತಿರುತ್ತವೆ, ಇದು ಉಳಿಯುತ್ತದೆ. ನೀವು ಒಪ್ಪಿದರೆ ನನ್ನ ಮನಸ್ಸು ಹಗುರಾಗುತ್ತದೆ.

ಹರುಹಿಕೊ


ಶಿಯೊಮಿ
17 ಆಗಸ್ಟ್ 1980

ಕುಜೆ-ಸಾನ್,

ಬೋನ್ ಹಬ್ಬ ಮುಗಿಸಿ ಬರೆಯೋಣ ಅಂತ ಕಾದೆ. ಸತ್ತವರು ಮನೆಗೆ ಬರುವ ದಿನಗಳಲ್ಲಿ ಕೈಯಲ್ಲಿ ವಿಷ ಇಟ್ಟುಕೊಳ್ಳುವುದು ಬೇಡ ಅನ್ನಿಸಿತು. ನಿನ್ನೆ ಅವರನ್ನು ಕಳಿಸಿಕೊಟ್ಟಾಯಿತು.

ಮೊದಲು ನಕ್ಷೆಯ ವಿಷಯ. ಹೋದ ತಿಂಗಳು ಬಳಗದ ಬೇಸಿಗೆ ಕೂಟ ಇತ್ತು. ಕರೆಯದಿದ್ದರೂ ಹೋದೆ. ಹಜಾರದ ನಡುವೆ ಕೂತು ತಲೆಯನ್ನು ಚಾಪೆಗೆ ತಾಗಿಸಿ ಹೇಳಿದೆ: "ಭೂಶಿರದ ಬಣ್ಣ ನನ್ನದು. ನನ್ನ ಗಂಡ ಗೊತ್ತಿದ್ದೇ ಬಿಳಿ ಬಿಟ್ಟಿದ್ದರು. ಕಲ್ಲಿನ ಗಂಧವೇ ಗೊತ್ತಿಲ್ಲದ ಹೆಂಡತಿ ತುಂಬಿಸಿದ್ಲು ಅಂತ ಅಚ್ಚು ಹಾಕಿ ಎಲ್ಲರಿಗೂ ಕಳಿಸಿ." ಆಗ ಯಾಸುವೊಕಾ ಸೆನ್ಸೇ ಕೋಲೂರಿ ಎದ್ದರು. "ಆಕೆಯದಲ್ಲ. ಪೆನ್ಸಿಲು ಹಿಡಿದವನು ನಾನು. ನನ್ನ ಹೆಸರು ಹಾಕಿ" ಅಂದರು. ಹಾಗೇ ಆಯಿತು. ಒಂದು ಹಾಳೆ ಅಚ್ಚಾಗಿ ಎಲ್ಲ ಕಡೆ ಹೋಗಿದೆ, ನಿಮಗೂ ಬಂದಿರಬೇಕು. ಕಲ್ಲಿನ ವಿಷಯದಲ್ಲಿ ಸೆನ್ಸೇ ಹೇಳುವುದು ಪೂರ್ತಿ ತಪ್ಪಿರಬಹುದು, ನಿಮ್ಮದೇ ಸರಿಯಿರಬಹುದು. ಈಗಲೂ ಅವರು ನಿಮ್ಮ ಮಾತು ಒಪ್ಪುವುದಿಲ್ಲ, ಸಾಯುವವರೆಗೂ ಒಪ್ಪುವುದಿಲ್ಲ. ಆದರೆ ಇನ್ನು ಮುಂದೆ ಯಾರಿಗೆ ನನ್ನ ಮನೆಯ ಬಾಗಿಲು ತೆರೆಯಬೇಕು ಅಂತ ನನಗೆ ತಿಳಿಯಿತು.

ಹುಳಕ್ಕೆ ಹೆಸರು ಇಡಿ, ಬಿಡಿ. ನನ್ನನ್ನು ಕೇಳಬೇಡಿ. ಹಿಂದೆ ನಾನು ನಿಮ್ಮನ್ನು ಕೇಳಿದಾಗ ನೀವು ಏನು ಮಾಡಿದಿರೋ ನಾನೂ ಅದನ್ನೇ ಮಾಡುತ್ತೇನೆ.

ನಾನು ಬರೆಯಲು ಕೂತದ್ದು ಇದಕ್ಕಲ್ಲ.

ಆಸ್ಪತ್ರೆಯಲ್ಲಿ ಏನಾದರೂ ಹೇಳಿದರಾ ಅಂತ ನಾನು ಕೇಳಿದ್ದೆ. ಏನೂ ಇಲ್ಲ, ನಿದ್ದೆ ಅಂದಿರಿ. ನಿದ್ದೆಯಲ್ಲಿ ಗೊಣಗಿದರಾ ಅಂತ ಮತ್ತೆ ಕೇಳಿದೆ. ಹುಳಗಳ ಬಗ್ಗೆ ಒಂದು ಪುಟ ಬರೆದಿರಿ. ಈಗ ನಿಮ್ಮ ವಾದಕ್ಕೆ ಸಾಕ್ಷಿ ಬೇಕಾದಾಗ ಆ ಮಾತನ್ನು ತೆಗೆದು ಎದುರಿಗಿಟ್ಟಿದ್ದೀರಿ. ಅದು ನಿಮ್ಮ ಸಾಕ್ಷಿಯಲ್ಲ. ನನಗೆ ಬರಬೇಕಾಗಿದ್ದ ಮಾತು. ಸುಮಾರು ಎರಡು ವರ್ಷ, ಬೆಳಿಗ್ಗೆ ಎದ್ದು ಅವರ ಫೋಟೊಕ್ಕೆ ಅನ್ನ ಇಡುವಾಗಲೆಲ್ಲ, "ನೀವು ನನಗೆ ಒಂದು ಮಾತೂ ಹೇಳದೆ ಹೋದಿರಿ" ಅಂತ ಅವರನ್ನು ಬೈದಿದ್ದೇನೆ. ಅವರು ಹೇಳಿದ್ದರು. ಅದನ್ನು ತಂದು ಕೊಡಬೇಕಾದ ನೀವು ಮಧ್ಯದಲ್ಲೇ ಇಟ್ಟುಕೊಂಡಿದ್ದಿರಿ.

"ಅವಳು ನೋಡ್ಕೋತಾಳೆ" ಅಂದರಂತೆ. ನಾನು ಏನು ನೋಡಿಕೊಂಡೆ ಅಂತ ನಿಮಗೇ ಗೊತ್ತು.

ಇನ್ನೂ ಒಂದಿದೆ. ನೀವು ಬರೆದ ಸಾಲಿನಲ್ಲಿ "ಫುಸಾಯೆಗೆ ಹೇಳು" ಅಂತ ಇದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಕರೆಯಬೇಕಾದರೆ "ಓಯ್". ಬೇರೆಯವರ ಎದುರಿಗೆ "ನಮ್ಮನೇಲಿ". ಈ ಕಡೆಯ ಗಂಡಸರೆಲ್ಲ ಹಾಗೇ, ನನಗೆ ಅದು ಕೊರತೆ ಅಂತ ಅನ್ನಿಸಿಯೂ ಇರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಹೊಗೆಮನೆಯಲ್ಲಿ ಮೀನಿನ ಮುಂದೆ ನಿಂತು ನನಗೆ ಅದೊಂದೇ ಯೋಚನೆ. ಅವತ್ತು ನಿಜವಾಗಿಯೂ ನನ್ನ ಹೆಸರು ಹೇಳಿದರಾ? ಅಥವಾ "ನಮ್ಮನೇಲಿ ಹೇಳು" ಅಂದಿದ್ದನ್ನು ನೀವು ಅಂದವಾಗಿ ತಿದ್ದಿ ಬರೆದಿರಾ?

ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಹೋದರು. ಇನ್ನೊಬ್ಬರು ನೀವು.

ಉತ್ತರ ಬರೆಯಬೇಡಿ. ಹೌದು, ಹೆಸರೇ ಹೇಳಿದರು ಅಂತ ನೀವು ಆಣೆ ಇಟ್ಟು ಬರೆದರೂ ಈಗ ನಾನು ನಂಬಲಾರೆ.

ನಿಶಿಮೊರಿ ಫುಸಾಯೆ